ಕೈಯ ಕಸುಬನ್ನು ಯಂತ್ರಕ್ಕೆ ಕಲಿಸಿದ ಕಮ್ಮಾರ ಹೆನ್ರಿ ಮಾಡ್ಸ್ಲೆ

ಕಬ್ಬಿಣದ ತಗಡನ್ನು ಕತ್ತರಿಸಿ, ಬಾಗಿಸಿ, ಬೆಸೆಯುವ ಕಾರ್ಖಾನೆಗಳಿಗೆ ಇಂದು ರೋಬಾಟ್ ತೋಳುಗಳು ಕಾಲಿಟ್ಟಿವೆ. ಬೆಸುಗೆಗಾರನ ಕೈ ಸಂಜೆಯಾಗುತ್ತಲೇ ದಣಿಯುತ್ತದೆ. ರೋಬಾಟಿನ ತೋಳು ದಣಿಯುವುದಿಲ್ಲ. ಮೊದಲ ಬೆಸುಗೆ ಹೇಗೋ ಸಾವಿರದ ಬೆಸುಗೆಯೂ ಹಾಗೆಯೇ. ಈ ನೋಟ ಕಂಡವರ ಮನದಲ್ಲಿ ಬೆರಗು ಮೂಡುವಂತೆಯೇ ಅಳುಕೂ ಮೂಡುತ್ತದೆ. ಕೈ ಬಲ್ಲ ವಿದ್ಯೆಯನ್ನು ಯಂತ್ರ ಕಲಿತರೆ ಕೈಯ ಗತಿಯೇನು ಎಂಬುದು ಆ ಅಳುಕು. ಇದು ಇಂದಿನ ಪ್ರಶ್ನೆಯಲ್ಲ. ಎರಡು ಶತಮಾನಗಳ ಹಿಂದೆ ಲಂಡನ್ನಿನ ಒಬ್ಬ ಕಮ್ಮಾರನ ಬದುಕಿನೊಡನೆಯೇ ಇದು ಹೆಣೆದುಕೊಂಡಿತ್ತು. ಆತನ ಹೆಸರು ಹೆನ್ರಿ ಮಾಡ್ಸ್ಲೆ.

ಬಡತನದ ಬಾಲ್ಯ

ಮಾಡ್ಸ್ಲೆ ಹುಟ್ಟಿದ್ದು 1771ರ ಆಗಸ್ಟ್ 22ರಂದು, ಲಂಡನ್ನಿಗೆ ಹೊಂದಿಕೊಂಡ ವುಲ್‌ವಿಚ್‌ನಲ್ಲಿ. ತಂದೆ ಸೇನೆಯಲ್ಲಿ ಗಾಡಿ ಚಕ್ರಗಳ ಕೆಲಸಗಾರನಾಗಿದ್ದು, ಗಾಯಗೊಂಡ ಮೇಲೆ ವುಲ್‌ವಿಚ್‌ನ ಶಸ್ತ್ರಾಗಾರದಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ. ಹೆನ್ರಿಗೆ ಇನ್ನೂ ಒಂಬತ್ತರ ಪ್ರಾಯವಿರುವಾಗಲೇ ತಂದೆ ತೀರಿಕೊಂಡ. ಹನ್ನೆರಡನೆಯ ವಯಸ್ಸಿಗೆ ಹುಡುಗ ಅದೇ ಶಸ್ತ್ರಾಗಾರದಲ್ಲಿ ತೋಟಾಗಳಿಗೆ ಮದ್ದು ತುಂಬುವ ಕೆಲಸಕ್ಕೆ ಸೇರಿದ. ಎರಡು ವರ್ಷದ ಬಳಿಕ ಬಡಗಿಯ ಕೊಠಡಿಗೆ ಹೋದನಾದರೂ ಮನಸ್ಸು ಮರದಲ್ಲಿ ನಿಲ್ಲಲಿಲ್ಲ. ಪಕ್ಕದ ಕುಲುಮೆಯ ಕೆಂಡ ಅವನನ್ನು ಸೆಳೆಯಿತು. ಹದಿನೈದಕ್ಕೆ ಕಮ್ಮಾರನಾದ. ಕೆಲವೇ ವರ್ಷಗಳಲ್ಲಿ ಸುತ್ತಿಗೆ ಮತ್ತು ಅರ ಹಿಡಿಯುವುದರಲ್ಲಿ ಅವನಿಗೆ ಸಮನಿಲ್ಲವೆಂಬ ಮಾತು ಲಂಡನ್ನಿಗೂ ಮುಟ್ಟಿತು.

ಆಗ ಲಂಡನ್ನಿನಲ್ಲಿ ಜೋಸೆಫ್ ಬ್ರಾಮಾ ಎಂಬ ಯಂತ್ರಶಿಲ್ಪಿ ಪ್ರಸಿದ್ಧನಾಗಿದ್ದ. 1784ರಲ್ಲಿ ಆತ ಹಕ್ಕುಪತ್ರ ಪಡೆದಿದ್ದ ಬೀಗ ಕಳ್ಳರ ಕೈಗೆ ಸಿಗದಂಥದು. ಆದರೆ ಅದರ ಸೂಕ್ಷ್ಮ ಭಾಗಗಳನ್ನು ಕೈಯಿಂದ ಮಾಡಿ ಮುಗಿಸುವಷ್ಟರಲ್ಲಿ ಬೆಲೆ ಕೈಗೆಟುಕದಂತಾಗುತ್ತಿತ್ತು. ಬ್ರಾಮಾ ಹದಿನೆಂಟರ ಮಾಡ್ಸ್ಲೆಯನ್ನು ಕರೆಸಿದ. ಏಳು ವರ್ಷದ ಶಿಷ್ಯವೃತ್ತಿ ಮುಗಿಸದ ಹುಡುಗನನ್ನು ನುರಿತವರ ಸಾಲಿಗೆ ಸೇರಿಸುವುದು ಹೇಗೆಂಬ ಸಂದೇಹ ಬಂದಾಗ, ಮೂಲೆಯಲ್ಲಿ ಸವೆದು ಬಿದ್ದಿದ್ದ ಹಿಡಿಕಟ್ಟನ್ನು ಸಂಜೆಯ ಗಂಟೆ ಬಾರಿಸುವುದರೊಳಗೆ ಹೊಸದರಂತೆ ಮಾಡಿಕೊಟ್ಟು ಆತ ಪರೀಕ್ಷೆ ಗೆದ್ದನೆಂದು ಹೇಳುತ್ತಾರೆ.

ಮಾಡ್ಸ್ಲೆ ಬೀಗ ಮಾಡುವುದಕ್ಕಷ್ಟೇ ನಿಲ್ಲಲಿಲ್ಲ. ಬೀಗದ ಭಾಗಗಳನ್ನು ಮಾಡುವ ಯಂತ್ರಗಳನ್ನೇ ಕಟ್ಟಿದ. ಬ್ರಾಮಾನ ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿದ್ದ ಸವಾಲಿನ ಬೀಗವನ್ನು 1851ರವರೆಗೆ ಯಾರಿಂದಲೂ ತೆರೆಯಲಾಗಲಿಲ್ಲ. ಆ ವರ್ಷ ಅಮೆರಿಕದ ಹಾಬ್ಸ್ ಎಂಬ ಬೀಗತಜ್ಞ ಹಲವು ದಿನ ಹೆಣಗಿ, ಐವತ್ತಕ್ಕೂ ಹೆಚ್ಚು ಗಂಟೆಗಳ ಶ್ರಮದಿಂದ ಅದನ್ನು ತೆರೆದ. ಇಷ್ಟೆಲ್ಲ ದುಡಿದ ಮಾಡ್ಸ್ಲೆಗೆ ದೊರೆಯುತ್ತಿದ್ದ ಕೂಲಿ ಮಾತ್ರ ಹೆಚ್ಚಲಿಲ್ಲ. ಹೆಂಡತಿ ಮಕ್ಕಳ ಸಂಸಾರ ಬೆಳೆದಿತ್ತು. 1797ರಲ್ಲಿ ಸಂಬಳ ಏರಿಸಬೇಕೆಂದು ಕೇಳಿದ, ಬ್ರಾಮಾ ಒಪ್ಪಲಿಲ್ಲ. ಮಾಡ್ಸ್ಲೆ ಹೊರಬಂದು ಆಕ್ಸ್‌ಫರ್ಡ್ ಬೀದಿಯ ಸಮೀಪ ಸ್ವಂತ ಕಮ್ಮಟ ತೆರೆದ. ನುರಿತ ಕೈಗೆ ತಕ್ಕ ಬೆಲೆ ಸಿಗದ ನೋವನ್ನು ಸ್ವತಃ ಉಂಡವನೇ ಮುಂದೆ ನುರಿತ ಕೈಗಳ ಅಗತ್ಯವನ್ನು ಕಡಿಮೆಗೊಳಿಸಿದನೆಂಬುದು ವಿಧಿಯ ವಿಪರ್ಯಾಸ.

ಉಳಿ ಹಿಡಿದ ಉಕ್ಕಿನ ಕೈ

ಅಲ್ಲಿಯವರೆಗೆ ಸಾಮಾನ್ಯ ಲೇತ್‌ನಲ್ಲಿ ತಿರುಗುವ ಲೋಹಕ್ಕೆ ಕೆಲಸಗಾರ ಉಳಿಯನ್ನು ಕೈಯಿಂದಲೇ ಒತ್ತಿ ಹಿಡಿಯುತ್ತಿದ್ದ. ಕೈ ಅಲುಗಿದರೆ ಕೆಲಸ ಕೆಟ್ಟಂತೆ. ಮಾಡ್ಸ್ಲೆ ಉಳಿಯನ್ನು ಕಬ್ಬಿಣದ ಜಾರುಪೀಠದಲ್ಲಿ ಬಿಗಿದ. ಯಂತ್ರ ತಿರುಗಿದಷ್ಟಕ್ಕೂ ಉದ್ದನೆಯ ತಿರುಪೊಂದು ಆ ಪೀಠವನ್ನು ಒಂದೇ ಅಳತೆಯಲ್ಲಿ ಮುಂದೆ ಸರಿಸುತ್ತಿತ್ತು. ಹಲ್ಲುಗಾಲಿಗಳನ್ನು ಬದಲಿಸಿದರೆ ಬೇಕಾದ ಅಂತರದ ಸುರುಳಿ ಕೊರೆಯಬಹುದಿತ್ತು. ಇಂಥ ಪ್ರಯತ್ನಗಳು ಅವನಿಗೂ ಮುಂಚೆ ನಡೆದಿದ್ದವು. ಫ್ರಾನ್ಸಿನ ವೋಕಾನ್ಸನ್, ಇಂಗ್ಲೆಂಡಿನ ರಾಮ್ಸ್‌ಡೆನ್ ಈ ದಾರಿಯಲ್ಲಿ ನಡೆದಿದ್ದರು. ಆದರೆ ಎಲ್ಲವನ್ನೂ ಗಟ್ಟಿ ಲೋಹದಲ್ಲಿ ಒಗ್ಗೂಡಿಸಿ ದಿನನಿತ್ಯದ ಕೆಲಸಕ್ಕೆ ಒದಗುವಂತೆ ಮಾಡಿದ ಕೀರ್ತಿ ಮಾಡ್ಸ್ಲೆಯದು.

ಇದರ ಫಲ ಸಣ್ಣದಲ್ಲ. ಅಂದಿನ ಕಾಲಕ್ಕೆ ಪ್ರತಿಯೊಂದು ನಟ್ಟೂ ತನ್ನ ಬೋಲ್ಟಿಗೆ ಮಾತ್ರ ಹೊಂದುತ್ತಿತ್ತು. ಯಂತ್ರ ಬಿಚ್ಚುವಾಗ ಜೋಡಿಗಳು ಕಲೆತುಹೋದರೆ ಮತ್ತೆ ಕೂಡಿಸುವುದೇ ಪ್ರಯಾಸ. ಮಾಡ್ಸ್ಲೆ ತನ್ನ ಕಮ್ಮಟದ ತಿರುಪುಗಳಿಗೆ ಒಂದೇ ಅಳತೆ ತಂದ. ವಿವಾದ ಬಂದರೆ ಕೊನೆಯ ತೀರ್ಪು ಅವನ ಬಳಿಯಿದ್ದ ಸೂಕ್ಷ್ಮ ಮಾಪಕದ್ದು. ಅದು ಅಂಗುಲದ ಸಾವಿರದ ಒಂದು ಭಾಗಕ್ಕಿಂತಲೂ ಕಿರಿದನ್ನು ಅಳೆಯುತ್ತಿತ್ತು. ನ್ಯಾಯಾಂಗದ ಅತ್ಯುನ್ನತ ಅಧಿಕಾರಿಯಾದ ಲಾರ್ಡ್ ಚಾನ್ಸಲರ್ ಹೆಸರನ್ನೇ ಅದಕ್ಕೆ ಇಟ್ಟಿದ್ದ.

ನೂರಹತ್ತು ಜನ, ಹತ್ತು ಜನ

ನೆಪೋಲಿಯನ್ನನ ಯುದ್ಧಗಳ ಕಾಲವದು. ಹಾಯಿಹಡಗುಗಳ ಹಗ್ಗ ಎಳೆಯಲು ಬಾವಿಯ ರಾಟೆಯನ್ನು ಹೋಲುವ ಮರದ ರಾಟೆಗಳು ಬೇಕು. 74 ಫಿರಂಗಿಗಳ ಒಂದು ಯುದ್ಧನೌಕೆಗೇ ಸುಮಾರು ಸಾವಿರ. ಇವನ್ನು ಯಂತ್ರದಿಂದ ಮಾಡುವ ಯೋಜನೆ ಹೂಡಿದವನು ಫ್ರಾನ್ಸಿನಿಂದ ಬಂದಿದ್ದ ಮಾರ್ಕ್ ಇಸಂಬಾರ್ಡ್ ಬ್ರೂನೆಲ್. ನೌಕಾಪಡೆಗೆ ರಾಟೆ ಒದಗಿಸುತ್ತಿದ್ದ ಸೌತಾಂಪ್ಟನ್ನಿನ ಟೇಲರ್ ಮನೆತನ ಆ ಯೋಜನೆಯನ್ನು ತಿರಸ್ಕರಿಸಿತು. ನೌಕಾಪಡೆಯ ಅಧಿಕಾರಿ ಸ್ಯಾಮ್ಯುಯೆಲ್ ಬೆಂಥಮ್ ಅದನ್ನು ಎತ್ತಿಹಿಡಿದ. ನಕ್ಷೆಗಳನ್ನು ಲೋಹಕ್ಕೆ ಇಳಿಸಿದವನು ಮಾಡ್ಸ್ಲೆ.

ಪೋರ್ಟ್ಸ್‌ಮತ್ ಬಂದರಿನಲ್ಲಿ ಸಾಲಾಗಿ ನಿಂತ ನಲವತ್ತಕ್ಕೂ ಹೆಚ್ಚು ಯಂತ್ರಗಳಿಗೆ ಉಗಿಯ ಬಲ. ಒಂದು ಕೊಯ್ದರೆ ಮತ್ತೊಂದು ಕೊರೆಯುವುದು, ಮಗದೊಂದು ತೋಡುವುದು. ಉಳಿ ಒಮ್ಮೆ ಹೊಡೆದೊಡನೆ ಮರದ ತುಂಡು ತಾನಾಗಿಯೇ ಇಷ್ಟು ಮುಂದಕ್ಕೆ ಸರಿಯುತ್ತಿತ್ತು. 1808ರ ಹೊತ್ತಿಗೆ ವರ್ಷಕ್ಕೆ ಸುಮಾರು 1,30,000 ರಾಟೆಗಳು ಹೊರಬರುತ್ತಿದ್ದವು. ಹಿಂದೆ 110 ಕುಶಲಕರ್ಮಿಗಳು ಮಾಡುತ್ತಿದ್ದ ಕೆಲಸಕ್ಕೆ ಹೆಚ್ಚಿನ ತರಬೇತಿಯಿಲ್ಲದ 10 ಮಂದಿ ಸಾಕಾದರು. ಕೆಲವು ಯಂತ್ರಗಳು ಇಪ್ಪತ್ತನೆಯ ಶತಮಾನದಲ್ಲಿಯೂ ದುಡಿದವು.

ಉಳಿದ ನೂರು ಜನರ ಕಥೆಯನ್ನು ಇತಿಹಾಸ ಅಷ್ಟಾಗಿ ಬರೆದಿಟ್ಟಿಲ್ಲ. ಹೊಸ ಯಂತ್ರಗಳನ್ನು ಕಟ್ಟಲು, ಸರಿಪಡಿಸಲು ಹೊಸ ಕುಶಲಿಗಳು ಬೇಕಾದರೆಂಬುದು ನಿಜ. ಆದರೆ ರಾಟೆ ಕೆತ್ತುತ್ತಿದ್ದ ಮುದುಕ ಮರುದಿನವೇ ಯಂತ್ರ ಕಟ್ಟುವವನಾಗಲಾರ. ಲಾಭ ನಾಡಿಗಾದರೂ ನಷ್ಟ ಒಂದೊಂದು ಮನೆಯ ಬಾಗಿಲಿಗೆ ಬರುತ್ತದೆ. 1811ರಿಂದ ಇಂಗ್ಲೆಂಡಿನ ನೇಕಾರ ಪ್ರದೇಶಗಳಲ್ಲಿ ಲಡೈಟರು ಮಗ್ಗಗಳನ್ನು ಮುರಿಯತೊಡಗಿದ್ದು, 1812ರಲ್ಲಿ ಆ ಅಪರಾಧಕ್ಕೆ ಮರಣದಂಡನೆಯ ಕಾನೂನು ಬಂದದ್ದು ಇದೇ ಕಾಲದಲ್ಲಿ.

ಗುರುವಿನ ಕಮ್ಮಟ

1810ರಲ್ಲಿ ಮಾಡ್ಸ್ಲೆ ತನ್ನ ಕಾರ್ಖಾನೆಯನ್ನು ಲ್ಯಾಂಬೆತ್‌ಗೆ ಸಾಗಿಸಿದ. ಹಡಗಿನ ಉಗಿಯಂತ್ರಗಳು ಅಲ್ಲಿ ತಯಾರಾದವು. 1825ರಲ್ಲಿ ಇಂಗ್ಲೆಂಡಿನಿಂದ ಹೊರಟು ಕಲ್ಕತ್ತೆ ತಲುಪಿದ ಎಂಟರ್‌ಪ್ರೈಸ್ ಉಗಿಹಡಗಿನ ಯಂತ್ರ ಅವನ ಕಾರ್ಖಾನೆಯದು. ಬ್ರೂನೆಲ್ ಥೇಮ್ಸ್ ನದಿಯಡಿ ಸುರಂಗ ತೋಡಲು ಬಳಸಿದ ರಕ್ಷಾಕವಚವೂ ಅಲ್ಲಿಯದೇ.

ಆದರೆ ಆ ಕಮ್ಮಟದ ದೊಡ್ಡ ಉತ್ಪನ್ನ ಮನುಷ್ಯರು. ಉಗಿಸುತ್ತಿಗೆಯ ಜೇಮ್ಸ್ ನಾಸ್ಮಿತ್, ತಿರುಪಿನ ಸುರುಳಿಗೆ ಇಡೀ ದೇಶದಲ್ಲಿ ಒಂದೇ ಅಳತೆ ಸೂಚಿಸಿದ ಜೋಸೆಫ್ ವಿಟ್‌ವರ್ತ್, ಬ್ಯಾಬೇಜನ ಗಣಕಯಂತ್ರದ ಭಾಗಗಳನ್ನು ನಿರ್ಮಿಸಿದ ಜೋಸೆಫ್ ಕ್ಲೆಮೆಂಟ್ ಎಲ್ಲರೂ ಅಲ್ಲಿ ಪಳಗಿದವರು. ಇನ್ನೊಬ್ಬ ಶಿಷ್ಯ ರಿಚರ್ಡ್ ರಾಬರ್ಟ್ಸ್. ನೂಲುವವರ ಮುಷ್ಕರದಿಂದ ಬೇಸತ್ತ ಗಿರಣಿ ಮಾಲೀಕರ ಒತ್ತಾಯಕ್ಕೆ ಮಣಿದು ಸ್ವಯಂಚಾಲಿತ ನೂಲುಯಂತ್ರ ರೂಪಿಸಿದವನು ಇವನೇ. ಒಂದೇ ಕುಲುಮೆಯಲ್ಲಿ ಕಾದ ಉಕ್ಕು ನೇಗಿಲೂ ಆಗಬಹುದು, ಕತ್ತಿಯೂ ಆಗಬಹುದು.

ಯಂತ್ರಗಳ ಒಡೆಯನಾದ ಮೇಲೂ ಮಾಡ್ಸ್ಲೆ ಅರ ಹಿಡಿಯುವುದನ್ನು ಬಿಡಲಿಲ್ಲ. ಕೆಲಸಗಾರರ ನಡುವೆ ನಿಂತು ಸಮತಟ್ಟಾದ ಮೇಲ್ಮೈ ಮಾಡುವ ಬಗೆಯನ್ನು ತೋರಿಸುತ್ತಿದ್ದ. 1831ರ ಆರಂಭದಲ್ಲಿ ಫ್ರಾನ್ಸಿನಲ್ಲಿ ಅಸ್ವಸ್ಥನಾಗಿದ್ದ ಗೆಳೆಯನನ್ನು ನೋಡಿ ಮರಳುವಾಗ ಕಡಲ ಚಳಿ ತಗುಲಿ ಹಾಸಿಗೆ ಹಿಡಿದವನು ಫೆಬ್ರವರಿ 14ರಂದು ಕೊನೆಯುಸಿರೆಳೆದ. ಹುಟ್ಟಿದ ವುಲ್‌ವಿಚ್‌ನಲ್ಲಿಯೇ ಅವನ ಸಮಾಧಿಯಾಯಿತು. ಅದರ ಮೇಲಿನ ಸ್ಮಾರಕವೂ ಎರಕದ ಕಬ್ಬಿಣದ್ದೇ.

1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಎಚ್ಎಂಟಿ ಮೊದಲು ತಯಾರಿಸಿದ್ದು ಲೇತ್‌ಗಳನ್ನು. ಅವೂ ಮಾಡ್ಸ್ಲೆಯ ವಂಶದವೇ. 1961ರಲ್ಲಿ ಅಮೆರಿಕದ ಮೋಟಾರು ಕಾರ್ಖಾನೆಯೊಂದರಲ್ಲಿ ಯೂನಿಮೇಟ್ ಎಂಬ ರೋಬಾಟ್ ಬಿಸಿ ಲೋಹದ ಎರಕಗಳನ್ನು ಎತ್ತಿಡತೊಡಗಿದಾಗ ಆ ವಂಶ ಇನ್ನೊಂದು ತಲೆಮಾರು ಕಂಡಿತು. ಇಂದಿನ ಫ್ಯಾಬ್ರಿಕೇಷನ್ ಕಮ್ಮಟಗಳಿಗೂ ಮಾಡ್ಸ್ಲೆಯ ಬದುಕಿನಲ್ಲಿ ಪಾಠವಿದೆ. ಬೆಸುಗೆಯ ರೋಬಾಟ್ ಕಲಿಸಿದ ದಾರಿಯಲ್ಲಿ ನಡೆಯುತ್ತದೆ. ತುಂಡುಗಳ ಅಳತೆ ತಪ್ಪಿ ನಡುವೆ ಬಿರುಕು ಬಿಟ್ಟರೆ ಬೆಸುಗೆ ಕೆಡುತ್ತದೆ. ನುರಿತ ಬೆಸುಗೆಗಾರ ಆ ಬಿರುಕನ್ನು ಕಂಡು ಕೈ ತಿದ್ದಿಕೊಳ್ಳುತ್ತಾನೆ. ಹೀಗಾಗಿ ರೋಬಾಟ್ ತರುವ ಮುನ್ನ ಅಳತೆಯ ಶಿಸ್ತು ಬರಬೇಕು, ಮತ್ತು ಯಂತ್ರಕ್ಕೆ ದಾರಿ ಕಲಿಸಲು ಕಸುಬು ಬಲ್ಲವನೇ ಬೇಕು. ಆ ಕಲಿಸುವ ಸ್ಥಾನ ಹಳೆಯ ಬೆಸುಗೆಗಾರನಿಗೇ ದೊರೆತರೆ, ಪೋರ್ಟ್ಸ್‌ಮತ್‌ನ ಆ ನೂರು ಜನರಿಗೆ ಸಿಗದ ನ್ಯಾಯ ಇಂದಿನವರಿಗಾದರೂ ಸಿಕ್ಕೀತು.