ಪರಮಾಣುಗಳ ನಂಟನ್ನು ಅರಿತ ಲೂಯಿಸ್

ನಾವು ಕುಡಿಯುವ ನೀರು, ಉಸಿರಾಡುವ ಗಾಳಿ, ತಿನ್ನುವ ಸಕ್ಕರೆ, ಉಡುವ ಹತ್ತಿಯ ಬಟ್ಟೆ ಎಲ್ಲದರಲ್ಲಿಯೂ ಪರಮಾಣುಗಳು ಒಂದರೊಡನೊಂದು ಕೂಡಿಕೊಂಡಿವೆ. ಯಾವ ಪರಮಾಣು ಎಷ್ಟರೊಡನೆ ಕೂಡಬಲ್ಲುದೆಂಬ ಲೆಕ್ಕವು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳಿಗೆ ಚೆನ್ನಾಗಿ ತಿಳಿದಿತ್ತು. ಆದರೆ ಅವುಗಳನ್ನು ಹಿಡಿದಿಡುವ ಬಂಧನವಾದರೂ ಯಾವುದು? ಅದಕ್ಕೆ ಉತ್ತರವಿರಲಿಲ್ಲ. ಪುಸ್ತಕಗಳಲ್ಲಿ ಎರಡು ಅಕ್ಷರಗಳ ನಡುವೆ ಒಂದು ಸಣ್ಣ ಗೆರೆಯನ್ನು ಎಳೆದು ಸುಮ್ಮನಾಗುತ್ತಿದ್ದರು. ಆ ಗೆರೆಗೆ ಅರ್ಥವನ್ನು ಕೊಟ್ಟ ಮಹನೀಯನೇ ಗಿಲ್ಬರ್ಟ್ ನ್ಯೂಟನ್ ಲೂಯಿಸ್. ಬಿ.ಎ. ತರಗತಿಯ ವಿದ್ಯಾರ್ಥಿಗೆ ರಸಾಯನಶಾಸ್ತ್ರದ ಗೊಡವೆ ಏಕೆಂದು ಮಿತ್ರರು ಕೇಳಬಹುದು. ಲೂಯಿಸನ ಬಾಳು ಪಾಠ ಹೇಳುವವರಿಗೂ ಪಾಠ ಕೇಳುವವರಿಗೂ ಸೇರಿದ್ದು. ಆದುದರಿಂದಲೇ ಈ ಪ್ರಯತ್ನ.

ಲೂಯಿಸನು 1875ರ ಅಕ್ಟೋಬರ್ ತಿಂಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ರಾಜ್ಯದ ವೇಮತ್ ಎಂಬ ಊರಿನಲ್ಲಿ ಜನಿಸಿದನು. ತಂದೆ ವಕೀಲ. ಬಾಲಕನು ಒಂಬತ್ತು ವರ್ಷದವನಾಗಿದ್ದಾಗ ಸಂಸಾರವು ನೆಬ್ರಾಸ್ಕದ ಲಿಂಕನ್ ನಗರಕ್ಕೆ ಬಂದು ನೆಲಸಿತು. ಮೊದಲ ವಿದ್ಯಾಭ್ಯಾಸವು ತಾಯಿತಂದೆಗಳಿಂದ ಮನೆಯಲ್ಲಿಯೇ ನಡೆಯಿತು. ಅಂತಹ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ; ನನ್ನಂಥವರಿಗೆ ಆ ಭಾಗ್ಯ ಒದಗುವುದು ಗುರುಗಳಿಂದಲೇ. ಇರಲಿ. ಲೂಯಿಸನು ಮುಂದೆ ನೆಬ್ರಾಸ್ಕ ವಿಶ್ವವಿದ್ಯಾನಿಲಯದಲ್ಲಿಯೂ ಬಳಿಕ ಹಾರ್ವರ್ಡಿನಲ್ಲಿಯೂ ಓದಿ 1896ರಲ್ಲಿ ಪದವೀಧರನಾದನು. ಥಿಯೊಡೋರ್ ರಿಚರ್ಡ್ಸ್ ಎಂಬ ಗುರುವಿನ ಬಳಿ ಸಂಶೋಧನೆ ನಡೆಸಿ 1899ರಲ್ಲಿ ಡಾಕ್ಟರೇಟ್ ಪಡೆದನು. ಅನಂತರ ಜರ್ಮನಿಗೆ ಹೋಗಿ ಓಸ್ಟ್‌ವಾಲ್ಡ್ ಮತ್ತು ನೆರ್ನ್‌ಸ್ಟ್ ಎಂಬ ವಿದ್ವಾಂಸರಲ್ಲಿ ವ್ಯಾಸಂಗ ಮಾಡಿ, ಹಾರ್ವರ್ಡಿಗೆ ಅಧ್ಯಾಪಕನಾಗಿ ಹಿಂದಿರುಗಿದನು.

ಆತನ ಕೀರ್ತಿಗೆ ಕಾರಣವಾದ ಆಲೋಚನೆಯ ಮೊಳಕೆ ಕಾಣಿಸಿಕೊಂಡದ್ದು ಪಾಠ ಹೇಳುವ ಶ್ರಮದಲ್ಲಿ. 1902ರಲ್ಲಿ ರಸಾಯನಶಾಸ್ತ್ರವನ್ನು ಹೊಸದಾಗಿ ಕಲಿಯುತ್ತಿದ್ದ ವಿದ್ಯಾರ್ಥಿಗಳಿಗೆ ಮೂಲವಸ್ತುಗಳ ಆವರ್ತ ನಿಯಮವನ್ನು ತಿಳಿಯಹೇಳಬೇಕಾಗಿತ್ತು. ಎಲೆಕ್ಟ್ರಾನು ಎಂಬ ಕಣವನ್ನು ಥಾಮ್ಸನ್ ಕಂಡುಹಿಡಿದು ಆಗಿನ್ನೂ ಐದೇ ವರ್ಷ. ಲೂಯಿಸನು ಪರಮಾಣುವನ್ನು ಒಂದು ಘನಾಕೃತಿಯಂತೆ ಬರೆದು, ಅದರ ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನುಗಳನ್ನು ಕೂರಿಸಿದನು. ಮೂಲೆಗಳೆಲ್ಲ ತುಂಬಿದರೆ ಪರಮಾಣುವಿಗೆ ನೆಮ್ಮದಿ. ಸೋಡಿಯಂ ತನ್ನಲ್ಲಿರುವ ಒಂದನ್ನು ಬಿಟ್ಟುಕೊಡುತ್ತದೆ. ಏಳು ಉಳ್ಳ ಕ್ಲೋರಿನ್ ಅದನ್ನು ಪಡೆದು ಎಂಟಾಗಿಸಿಕೊಳ್ಳುತ್ತದೆ. ಹೀಗೆ ಉಪ್ಪು ಆಗುತ್ತದೆ. ಈ ಚಿತ್ರಗಳನ್ನು ಆತನು ಪ್ರಕಟಿಸಲಿಲ್ಲ. ಅವು ಹದಿನಾಲ್ಕು ವರ್ಷ ಟಿಪ್ಪಣಿಯ ಹಾಳೆಗಳಲ್ಲಿಯೇ ಉಳಿದವು.

ಈ ನಡುವೆ ಆತನು ಹಾರ್ವರ್ಡನ್ನು ಬಿಟ್ಟು 1904ರಲ್ಲಿ ಫಿಲಿಪೀನ್ಸಿನ ಮನಿಲಾಕ್ಕೆ ತೂಕ ಮತ್ತು ಅಳತೆಗಳ ಅಧಿಕಾರಿಯಾಗಿ ಹೋದನು. ಮರುವರ್ಷ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಗೆ ಬಂದು, 1912ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯ ರಸಾಯನ ವಿಭಾಗಕ್ಕೆ ಮುಖ್ಯಸ್ಥನಾದನು.

ಉಪ್ಪಿನ ಒಗಟು ಬಿಡಿಸಿದಂತಾದರೂ ಇನ್ನೊಂದು ಒಗಟು ಉಳಿದಿತ್ತು. ಜಲಜನಕದ ಅಣುವಿನಲ್ಲಿ ಎರಡು ಸಮಾನ ಪರಮಾಣುಗಳಿವೆ. ಇಬ್ಬರೂ ಸರಿಸಮರಾಗಿರುವಾಗ ಕೊಡುವವರಾರು, ಕೊಳ್ಳುವವರಾರು? 1916ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಲೂಯಿಸನು ಇದಕ್ಕೆ ಉತ್ತರವಿತ್ತನು. ಯಾರೂ ಕೊಡಬೇಕಾಗಿಲ್ಲ, ಯಾರೂ ಕಸಿಯಬೇಕಾಗಿಲ್ಲ. ಒಂದೊಂದು ಪರಮಾಣುವೂ ಒಂದೊಂದು ಎಲೆಕ್ಟ್ರಾನನ್ನು ತಂದು ಜೋಡಿ ಮಾಡುತ್ತದೆ. ಆ ಜೋಡಿ ಎರಡಕ್ಕೂ ಸೇರಿದ್ದು. ನಮ್ಮ ಹಳ್ಳಿಗಳಲ್ಲಿ ಒಂದೊಂದೇ ಎತ್ತುಳ್ಳ ಇಬ್ಬರು ರೈತರು ಎತ್ತುಗಳನ್ನು ಜೊತೆಗೂಡಿಸಿ ಇಬ್ಬರ ಹೊಲವನ್ನೂ ಉಳುವುದುಂಟಲ್ಲವೆ? ಹೆಚ್ಚುಕಡಿಮೆ ಹಾಗೆಯೇ. ಆಮ್ಲಜನಕದ ಹೊರಕವಚದಲ್ಲಿ ಆರು ಎಲೆಕ್ಟ್ರಾನುಗಳಿವೆ. ಅದು ಎರಡು ಜಲಜನಕಗಳೊಡನೆ ಎರಡು ಜೋಡಿಗಳನ್ನು ಹಂಚಿಕೊಂಡು ಎಂಟಾಗಿಸಿಕೊಂಡಾಗ ನೀರು ಆಗುತ್ತದೆ. ಸಾರಜನಕದ ಎರಡು ಪರಮಾಣುಗಳು ಮೂರು ಜೋಡಿಗಳನ್ನು ಹಂಚಿಕೊಳ್ಳುವುದರಿಂದಲೇ ಅವುಗಳ ಬಂಧ ಅಷ್ಟು ಬಲವಾದುದು. ನಾಲ್ಕು ಎಲೆಕ್ಟ್ರಾನುಗಳ ಇಂಗಾಲವು ನಾಲ್ಕು ಕಡೆ ಕೈಚಾಚಿ ಜೀವಿಗಳ ದೇಹವನ್ನೆಲ್ಲ ಹೆಣೆದಿದೆ. ಪುಸ್ತಕದ ಆ ಹಳೆಯ ಗೆರೆ ಎಂದರೆ ಒಂದು ಜೋಡಿ ಎಲೆಕ್ಟ್ರಾನು. ಗೆರೆಯ ಬದಲು ಆತನು ಎರಡು ಚುಕ್ಕೆಗಳನ್ನು ಇಟ್ಟನು. ಇಂದಿಗೂ ಶಾಲೆಯ ಮಕ್ಕಳು ಕಪ್ಪು ಹಲಗೆಯ ಮೇಲೆ ಬರೆಯುವುದು ಆ ಚುಕ್ಕೆಗಳನ್ನೇ.

ಈ ಬಂಧಕ್ಕೆ ಹೆಸರಿಟ್ಟವನು ಲೂಯಿಸನಲ್ಲ. ಅರ್ವಿಂಗ್ ಲ್ಯಾಂಗ್‌ಮ್ಯೂರ್ ಎಂಬ ವಿಜ್ಞಾನಿ 1919ರಲ್ಲಿ ಈ ತತ್ತ್ವವನ್ನು ಬೆಳೆಸಿ, ಕೋವೇಲೆಂಟ್ ಎಂಬ ಪದವನ್ನು ಬಳಕೆಗೆ ತಂದನು. ಲ್ಯಾಂಗ್‌ಮ್ಯೂರ್ ಒಳ್ಳೆಯ ವಾಗ್ಮಿ. ಲೂಯಿಸನು ಸಭೆಗೆ ಅಂಜುವ ಸ್ವಭಾವದವನು. ಜನರು ಇಬ್ಬರ ಹೆಸರನ್ನೂ ಜೊತೆಗೂಡಿಸಿ ಹೇಳತೊಡಗಿದಾಗ ಲೂಯಿಸನಿಗೆ ಬೇಸರವಾಯಿತು. ಹಂಚಿಕೆಯ ತತ್ತ್ವವನ್ನು ಕಂಡವನಿಗೂ ಕೀರ್ತಿಯನ್ನು ಹಂಚಿಕೊಳ್ಳುವುದು ಸುಲಭವಾಗಿರಲಿಲ್ಲ. ದೊಡ್ಡವರೂ ಮನುಷ್ಯರೇ! 1927ರಲ್ಲಿ ಹೈಟ್ಲರ್ ಮತ್ತು ಲಂಡನ್ ಎಂಬಿಬ್ಬರು ಹೊಸ ಕ್ವಾಂಟಂ ಸಿದ್ಧಾಂತದ ಗಣಿತದಿಂದ ಜಲಜನಕದ ಜೋಡಿ ಬಂಧವನ್ನು ವಿವರಿಸಿದರು. ಘನಾಕೃತಿ ಮರೆಯಾಯಿತು, ಜೋಡಿ ಉಳಿಯಿತು. ಲೈನಸ್ ಪಾಲಿಂಗ್ 1939ರಲ್ಲಿ ರಾಸಾಯನಿಕ ಬಂಧವನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥವನ್ನು ಲೂಯಿಸನಿಗೇ ಅರ್ಪಿಸಿದನು.

ಬರ್ಕ್ಲಿಯಲ್ಲಿ ಆತನು ಹಿರಿಯ ಅಧ್ಯಾಪಕರೂ ಮೊದಲನೆಯ ವರ್ಷದ ವಿದ್ಯಾರ್ಥಿಗಳ ಬೋಧನೆಯಲ್ಲಿ ಪಾಲುಗೊಳ್ಳುವಂತೆ ಏರ್ಪಡಿಸಿದನು. ವಾರಕ್ಕೊಮ್ಮೆ ವಿಚಾರಗೋಷ್ಠಿ ಸೇರುತ್ತಿತ್ತು. ಸಿಗಾರು ಹಿಡಿದು ಕುಳಿತ ಲೂಯಿಸನ ಎದುರಿನಲ್ಲಿ ಕಿರಿಯನೂ ಹಿರಿಯನ ಮಾತನ್ನು ಪ್ರಶ್ನಿಸಬಹುದಾಗಿತ್ತು. ಆ ವಿಭಾಗದಲ್ಲಿ ಓದಿದ ಯೂರಿ, ಜಿಯೋಕ್, ಸೀಬೋರ್ಗ್, ಲಿಬ್ಬಿ ಮೊದಲಾದವರು ನೊಬೆಲ್ ಪಾರಿತೋಷಕ ಪಡೆದರು. ಉಷ್ಣಚಲನಶಾಸ್ತ್ರದ ದೊಡ್ಡ ಗ್ರಂಥ, ಆಮ್ಲ ಮತ್ತು ಪ್ರತ್ಯಾಮ್ಲಗಳ ಹೊಸ ವ್ಯಾಖ್ಯೆ, 1926ರಲ್ಲಿ ರೂಢಿಗೆ ತಂದ ಫೋಟಾನ್ ಎಂಬ ಪದ, 1933ರಲ್ಲಿ ಬೇರ್ಪಡಿಸಿದ ಭಾರಜಲ, ಇವೆಲ್ಲವೂ ಲೂಯಿಸನವು. ಆದರೂ 35ಕ್ಕೂ ಹೆಚ್ಚು ಸಲ ಹೆಸರು ಸೂಚಿತವಾಗಿ, ಒಂದು ಸಲವೂ ಆತನಿಗೆ ನೊಬೆಲ್ ದೊರೆಯಲಿಲ್ಲ. 1946ರ ಮಾರ್ಚ್ 23ರಂದು, ಎಪ್ಪತ್ತರ ವಯಸ್ಸಿನಲ್ಲಿ, ಪ್ರಯೋಗ ನಡೆಸುತ್ತಿದ್ದ ಶಾಲೆಯಲ್ಲಿಯೇ ಆತನು ಕೊನೆಯುಸಿರೆಳೆದನು. ಹೃದ್ರೋಗವೇ ಕಾರಣವೆಂದು ನಿರ್ಣಯವಾಯಿತು.

ಪಾರಿತೋಷಕ ಪಡೆದವರ ಪಟ್ಟಿಯಲ್ಲಿ ಲೂಯಿಸನ ಹೆಸರನ್ನು ಹುಡುಕಿದರೆ ಸಿಗದು. ಆದರೆ ರಸಾಯನಶಾಸ್ತ್ರದ ಪಾಠ ನಡೆಯುವ ಯಾವ ಊರಿನಲ್ಲಿಯಾದರೂ, ಎರಡು ಅಕ್ಷರಗಳ ನಡುವೆ ಎರಡು ಚುಕ್ಕೆಗಳನ್ನು ಇಡುವ ಹುಡುಗನು ತಿಳಿದೋ ತಿಳಿಯದೆಯೋ ಆತನನ್ನು ನೆನೆಯುತ್ತಾನೆ. ಹೊಸಬರಿಗೆ ತಿಳಿಯುವಂತೆ ಹೇಳಬೇಕೆಂಬ ಒಬ್ಬ ಉಪಾಧ್ಯಾಯನ ಆಸೆಯಿಂದ ಹುಟ್ಟಿದ ವಿದ್ಯೆ ಮತ್ತೆ ಉಪಾಧ್ಯಾಯರ ಕೈಯಲ್ಲಿಯೇ ಬಾಳುತ್ತಿದೆ. ವಿದ್ಯೆಯೂ ಆ ಎಲೆಕ್ಟ್ರಾನು ಜೋಡಿಯಂತೆಯೇ. ಕೊಟ್ಟವನಲ್ಲಿಯೂ ಉಳಿಯುತ್ತದೆ, ಪಡೆದವನಲ್ಲಿಯೂ ನೆಲಸುತ್ತದೆ, ಇಬ್ಬರನ್ನೂ ಬಿಡದಂತೆ ಬೆಸೆಯುತ್ತದೆ.