ಕೀರ್ತಿಶೇಷ ಶಂಕರನಾಗರು

ನಮ್ಮ ಶೃಂಗೇರಿಗೆ ನಾಲ್ಕಾರು ಹರಿದಾರಿಯ ಆಚೆಗಿರುವ ಆಗುಂಬೆಯನ್ನು ಭರತಖಂಡವೆಲ್ಲ ಮಾಲ್ಗುಡಿಯೆಂದು ಕಂಡುದು ಶಂಕರನಾಗರ ದೆಸೆಯಿಂದ. ಇವರು 1954ನೆಯ ನವೆಂಬರ್ 9ರಂದು ಹೊನ್ನಾವರ ಸೀಮೆಯ ಮಲ್ಲಾಪುರದಲ್ಲಿ ಜನಿಸಿದರು. ಮುಂಬಯಿಯಲ್ಲಿ ಬ್ಯಾಂಕಿನ ಚಾಕರಿ ಮಾಡುತ್ತ ಮರಾಠೀ ರಂಗಭೂಮಿಯಲ್ಲಿ ಪಳಗಿದ್ದ ಈ ತರುಣರನ್ನು ಗಿರೀಶ ಕಾರ್ನಾಡರು 1978ರಲ್ಲಿ 'ಒಂದಾನೊಂದು ಕಾಲದಲ್ಲಿ' ಚಿತ್ರಕ್ಕೆ ಕರೆತಂದರು. ಆ ಮೊದಲ ಪಾತ್ರಕ್ಕೇ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನೆಂಬ ಪಾರಿತೋಷಕ ದೊರೆಯಿತು. ತರುವಾಯ ಹೊಡೆದಾಟದ ಚಿತ್ರಗಳು ಸಾಲಾಗಿ ಬಂದುವು. ಅವುಗಳಲ್ಲಿ ಹಲವು ಅವರ ಯೋಗ್ಯತೆಗೆ ತಕ್ಕವಲ್ಲವೆಂಬುದು ನಮ್ಮ ಮತ. ಆದರೂ 1980ರ 'ಆಟೋ ರಾಜ'ನ ಚಿತ್ರಪಟವನ್ನು ಬಾಡಿಗೆಗಾಡಿಯವರು ಇಂದಿಗೂ ತಮ್ಮ ಗಾಡಿಗಳಿಗೆ ಅಂಟಿಸಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ 'ಸಂಕೇತ್' ಧ್ವನಿಮುದ್ರಣ ಶಾಲೆಯನ್ನು ಕಟ್ಟಿದವರೂ ಇವರೇ.

ಆರ್. ಕೆ. ನಾರಾಯಣರ ಕಥೆಗಳನ್ನು ದೂರದರ್ಶನಕ್ಕಾಗಿ ಇವರು ನಿರ್ದೇಶಿಸಿದಾಗ, ಆಗುಂಬೆಯ ಬೀದಿಯೇ ರಂಗಮಂಟಪವಾಯಿತು. ಅರಸಾಳಿನ ಪುಟ್ಟ ರೈಲು ನಿಲ್ದಾಣಕ್ಕೆ ಮಾಲ್ಗುಡಿಯ ಹೆಸರು ಬಂದಿತು. ಮೈಸೂರಿನ ಲೇಖಕರು, ಮಲೆನಾಡಿನ ಮಳೆ, ಬಹುಮಟ್ಟಿಗೆ ಕನ್ನಡದ ನಟವರ್ಗ. ಮಾತು ಮಾತ್ರ ಹಿಂದಿ, ಇಂಗ್ಲಿಷು! ಮೂಡಿಗೆರೆ, ಕಳಸಗಳ ಮಕ್ಕಳು ತಮ್ಮ ಊರಿನಂತಹ ಹೆಂಚಿನ ಮನೆಗಳನ್ನು ಪರಭಾಷೆಯಲ್ಲಿ ನೋಡಬೇಕಾಯಿತು. ಇದು ನಾಗರ ದೋಷವಲ್ಲ. ದೆಹಲಿಯ ರಾಷ್ಟ್ರೀಯ ಪ್ರಸಾರದಲ್ಲಿ ಕನ್ನಡಕ್ಕೆ ಮಣೆ ಹಾಕುವವರಿರಲಿಲ್ಲ. ಆ ಅಸಮಾಧಾನವನ್ನು ನಾವು ಇನ್ನೂ ಬಿಟ್ಟುಕೊಟ್ಟಿಲ್ಲ.

1990ನೆಯ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಮೋಟಾರು ಅಪಘಾತಕ್ಕೆ ಈಡಾದಾಗ ಅವರಿಗೆ 35 ವರ್ಷ. ನಾಟಕಕ್ಕೊಂದು ಮನೆ ಬೇಕೆಂದು ಪತ್ನಿ ಅರುಂಧತಿಯವರು ಹಟ ತೊಟ್ಟರು. 2004ರಲ್ಲಿ ಬೆಂಗಳೂರಿನಲ್ಲಿ 'ರಂಗ ಶಂಕರ' ತೆರೆಯಿತು.