ಲಸಿಕೆಯ ಲೆಕ್ಕ ಇಟ್ಟ ಹ್ಯಾಫ್‌ಕಿನ್

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕಡೆ ಮಗುವನ್ನು ಮೊದಲ ಸಲ ಶಾಲೆಗೆ ಸೇರಿಸಲು ಹೋಗುವ ತಂದೆತಾಯಿಯರ ಕೈಚೀಲದಲ್ಲಿ ಜನನ ಪ್ರಮಾಣಪತ್ರದ ಜೊತೆಗೆ ಲಸಿಕೆಯ ಕಾರ್ಡೂ ಇರುತ್ತದೆ. ಬಿ.ಸಿ.ಜಿ., ಪೋಲಿಯೊ, ದಡಾರ ಅಂತ ಸಾಲು ಸಾಲು. ಒಂದೊಂದರ ಎದುರಿಗೂ ಒಂದು ತಾರೀಖು. ಈ ಕಾರ್ಡಿಲ್ಲದ ಮಗುವನ್ನು ಶಾಲೆಗೆ ಸೇರಿಸಿಕೊಳ್ಳಬಾರದು ಎಂದು ದೇಶಕ್ಕೆಲ್ಲ ಅನ್ವಯಿಸುವ ಕಾನೂನೇನೂ ಇಲ್ಲ. ಆದರೂ ಬಹಳ ಶಾಲೆಗಳು ಕೇಳುತ್ತವೆ, ಮನೆಯವರು ಕಪಾಟಿನ ತಳದಿಂದ ಹುಡುಕಿ ತೆಗೆದು ಕೊಡುತ್ತಾರೆ. ಯಾರಿಗೆ ಚುಚ್ಚಿದರು, ಯಾವತ್ತು ಚುಚ್ಚಿದರು, ಯಾವ ಸೀಸೆಯಿಂದ ಚುಚ್ಚಿದರು ಎಂಬ ಈ ಸಣ್ಣ ಲೆಕ್ಕದ ಮೇಲೆ ಒಬ್ಬನ ಇಡೀ ಬಾಳು ನಿಂತಿತ್ತು, ಬಿದ್ದಿತ್ತು, ಮತ್ತೆ ಅರ್ಧ ಎದ್ದಿತ್ತು. ಅವನ ಹೆಸರು ಪರೇಲಿನ ಒಂದು ಹಳೇ ಬಂಗಲೆಯ ಮೇಲೆ ಇವತ್ತಿಗೂ ಇದೆ.

ವಾಲ್ಡೆಮಾರ್ ಹ್ಯಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚಿನಲ್ಲಿ, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾದಲ್ಲಿ. ಯಹೂದಿ ಮನೆತನ. ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಮೆಚ್ನಿಕೋಫ್‌ನ ಕೈಕೆಳಗೆ ಪ್ರಾಣಿಶಾಸ್ತ್ರ ಓದಿದ. ಯಹೂದಿಗಳ ಮೇಲೆ ಗಲಭೆ ಎದ್ದಾಗ ತನ್ನವರ ರಕ್ಷಣೆಗೆ ನಿಂತು ಗಾಯಗೊಂಡ, ಸೆರೆಗೂ ಹೋದ, ಬಿಡಿಸಿದವನು ಗುರುವೇ. ಧರ್ಮ ಬಿಟ್ಟಿದ್ದರೆ ಅಲ್ಲೇ ಪ್ರೊಫೆಸರನಾಗಬಹುದಿತ್ತು. ಬಿಡಲಿಲ್ಲ. ಕೊನೆಗೆ ಪ್ಯಾರಿಸಿನ ಪಾಶ್ಚರ್ ಸಂಸ್ಥೆಗೆ ಹೋದ. ಅಲ್ಲಿ ಮೊದಲು ಸಿಕ್ಕ ಕೆಲಸ ಲೈಬ್ರರಿಯಲ್ಲಿ ಪುಸ್ತಕ ನೋಡಿಕೊಳ್ಳುವುದು! ಬಿಡುವಿನಲ್ಲಿ ಕಾಲರಾದ ಲಸಿಕೆ ತಯಾರಿಸಿ 1892ರ ಜುಲೈ 18ರಂದು ಮೊದಲು ತನಗೇ ಚುಚ್ಚಿಕೊಂಡ. ಜ್ವರ ಬಂತು, ಇಳಿಯಿತು. ಮರುವರ್ಷ ಕಲಕತ್ತೆಗೆ ಬಂದ. ಎರಡೂವರೆ ವರ್ಷದಲ್ಲಿ ಸುಮಾರು 42,000 ಜನಕ್ಕೆ ಕಾಲರಾದ ಲಸಿಕೆ ಹಾಕಿದನಂತೆ. ಒಂದು ಮಾತು ಇಲ್ಲೇ ಹೇಳಬೇಕು. ಅವನು ವೈದ್ಯನಲ್ಲ, ಪ್ರಾಣಿಶಾಸ್ತ್ರದವನು. ಸರಕಾರಿ ಡಾಕ್ಟರರ ಕಣ್ಣಿಗೆ ಇದು ಮೊದಲಿನಿಂದಲೂ ಚುಚ್ಚುತ್ತಲೇ ಇತ್ತು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಕಾಣಿಸಿತು. ಅಕ್ಟೋಬರಿನಲ್ಲಿ ಹ್ಯಾಫ್‌ಕಿನ್ ಬಂದ. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಣ್ಣ ಜಾಗ ಸಿಕ್ಕಿತು. ಮಾಂಸದ ರಸದ ಮೇಲೆ ಒಂದೆರಡು ಹನಿ ತುಪ್ಪ ತೇಲಿಬಿಟ್ಟರೆ ಪ್ಲೇಗಿನ ಕ್ರಿಮಿ ಆ ತುಪ್ಪಕ್ಕೆ ಜೋತುಬಿದ್ದು ಕೆಳಮುಖವಾಗಿ ಬೆಳೆಯುವುದನ್ನು ಕಂಡ. ನಮ್ಮ ಅಡಿಗೆಮನೆಯ ತುಪ್ಪ ಪ್ಲೇಗಿನ ಲಸಿಕೆಗೆ ಒದಗಿತು ಅಂದ್ರೆ ನಂಬಲಿಕ್ಕೆ ಕಷ್ಟ, ಆದರೆ ನಿಜ. ಹಾಗೆ ಬೆಳೆದ ಕ್ರಿಮಿಯನ್ನು ಕಾಯಿಸಿ ಕೊಂದು, ಕಾರ್ಬಾಲಿಕ್ ಸೇರಿಸಿದರೆ ಲಸಿಕೆ. 1897ರ ಜನವರಿ 10ರಂದು ಮತ್ತೆ ತನಗೇ ಮೊದಲು. ತಿಂಗಳ ಕೊನೆಗೆ ಬೈಕಲಾ ಜೈಲಿನಲ್ಲಿ ಪ್ಲೇಗು ಹೊಕ್ಕಾಗ ಅಲ್ಲಿಯ ಕೈದಿಗಳಿಗೆ. ಮುಂದೆ ಬಂದವರಿಗೆ ಮಾತ್ರ ಕೊಟ್ಟನಂತೆ. ಜೈಲಿನೊಳಗೆ ಮುಂದೆ ಬರುವುದು ಅಂದರೆ ಎಷ್ಟು ಸ್ವಂತ ಇಚ್ಛೆ ಅನ್ನುವ ಪ್ರಶ್ನೆ ನಮಗೆ ಇವತ್ತು ಏಳುತ್ತದೆ, ಏಳಲೂ ಬೇಕು. ಲಸಿಕೆ ತೆಗೆದುಕೊಳ್ಳದವರಲ್ಲಿ 12 ಜನಕ್ಕೆ ಪ್ಲೇಗು ಬಂದು 6 ಜನ ಸತ್ತರು. ತೆಗೆದುಕೊಂಡವರಲ್ಲಿ ಇಬ್ಬರಿಗೆ ಬಂತು, ಯಾರೂ ಸಾಯಲಿಲ್ಲ.

ಜನ ಮಾತ್ರ ಸೂಜಿ ಅಂದರೆ ಓಡುತ್ತಿದ್ದರು. ಸುಮ್ಮನೆ ಓಡಲಿಲ್ಲ. ಆ ವರ್ಷ ಫೆಬ್ರುವರಿಯಲ್ಲಿ ಸರಕಾರ ಸಾಂಕ್ರಾಮಿಕ ರೋಗಗಳ ಕಾಯದೆ ಮಾಡಿ ಮನೆ ಹೊಕ್ಕು ಶೋಧಿಸುವ, ಮನೆಮಂದಿಯನ್ನು ಕ್ಯಾಂಪಿಗೆ ಒಯ್ಯುವ ಅಧಿಕಾರ ತೆಗೆದುಕೊಂಡಿತ್ತು. ನಾವು ದಿನಾ ಲೋಕಲ್ ಬದಲಿಸುವ ಈ ಕಲ್ಯಾಣ ಜಂಕ್ಷನ್ನಿನಲ್ಲೇ ಮುಂಬಯಿ ಬಿಟ್ಟು ಹೊರಟವರನ್ನು ಗಾಡಿಯಿಂದ ಇಳಿಸಿ ಪರೀಕ್ಷೆ ಮಾಡುತ್ತಿದ್ದರು. ಜ್ವರ ಇದ್ದವರನ್ನು ಅಲ್ಲೇ ತಡೆಯುತ್ತಿದ್ದರು. ಹೆಂಗಸರು, ಮಕ್ಕಳು, ಗಂಟುಮೂಟೆ, ಎಲ್ಲವೂ ಪ್ಲಾಟ್‌ಫಾರಮಿನ ಮೇಲೆ. ಮುಂದೆ ಲಸಿಕೆ ತೆಗೆದುಕೊಂಡವರಿಗೆ ಒಂದು ಸರ್ಟಿಫಿಕೇಟು ಕೊಟ್ಟು, ಅದು ಇದ್ದವರಿಗೆ ಪ್ಲೇಗಿನ ನಿರ್ಬಂಧಗಳಲ್ಲಿ ಕೆಲವನ್ನು ಸಡಿಲ ಮಾಡಿದರು. ಒಂದು ಚೀಟಿ ತೋರಿಸಿದರೆ ದಾರಿ ಬಿಡುತ್ತಾರೆ ಅನ್ನುವುದು ನಮ್ಮ ಕಡೆಯವರಿಗೆ ಹಾಗೆ ಅಂದೇ ಪರಿಚಯವಾಗಿದೆ. ಮುಂಬಯಿಯಲ್ಲಂತೂ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕಿಸಲೇಬೇಕೆಂದು 1877ರಲ್ಲೇ ಕಾನೂನಾಗಿತ್ತು. ಹ್ಯಾಫ್‌ಕಿನ್‌ನಿಗೆ ಬಲವಂತ ಬೇಕಿರಲಿಲ್ಲ. ಜನ ನೋಡಿ ನಂಬಲಿ, ಬರಲಿ ಅನ್ನುವುದು ಅವನ ರೀತಿ. ಯುವಕ ಆಗಾಖಾನ್ ಎಲ್ಲರೆದುರಿಗೆ ತೋಳು ಒಡ್ಡಿದ ಮೇಲೆ ಖೋಜಾ ಸಮಾಜದ ಸಾವಿರಾರು ಜನ ಬಂದರು.

ಜನ ನಂಬಬೇಕಾದರೆ ಲೆಕ್ಕ ಬೇಕು. 1898ರ ಫೆಬ್ರುವರಿಯಲ್ಲಿ ಬರೋಡೆಯ ಹತ್ತಿರದ ಉಂಧೇರಾ ಎಂಬ ಹಳ್ಳಿಯಲ್ಲಿ ಅವನು ಮಾಡಿದ್ದನ್ನು ನಮ್ಮ ಸ್ಟ್ಯಾಟಿಸ್ಟಿಕ್ಸ್ ವಿದ್ಯಾರ್ಥಿಗಳು ಓದಬೇಕು. ಮನೆಮನೆಯವರ ಪಟ್ಟಿ ಹಿಡಿದು, ಒಂದೊಂದು ಕುಟುಂಬವನ್ನೂ ಎದುರಿಗೆ ಕೂರಿಸಿಕೊಂಡು, ಅರ್ಧ ಜನಕ್ಕೆ ಚುಚ್ಚಿ ಅರ್ಧ ಜನವನ್ನು ಬಿಟ್ಟ. ಒಂದೇ ಸೂರು, ಒಂದೇ ಊಟ. ಆಮೇಲೆ ಹೋಗಿ ಎಣಿಸಿದರೆ, ಚುಚ್ಚಿಸಿಕೊಂಡ 71 ಜನರಲ್ಲಿ 3 ಸಾವು, ಬಿಟ್ಟ 64 ಜನರಲ್ಲಿ 26 ಸಾವು. ಆ ಅಂಕೆಗಳನ್ನು ಓದುವಾಗ ಬಿಟ್ಟವರ ಕಡೆಗೇ ಮನಸ್ಸು ಹೋಗುತ್ತದೆ, ನಿಜ. ಅದೇ ವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಪ್ಲೇಗು ಎದ್ದಾಗ ಸುಮಾರು ಐವತ್ತು ಸಾವಿರದ ಊರಿನಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಈ ಲಸಿಕೆ ಹಾಕಿಸಿಕೊಂಡರು. ಹಾಕಿಸಿಕೊಂಡವರೆಷ್ಟು, ಉಳಿದವರೆಷ್ಟು, ಎರಡೂ ಕಡೆ ಸತ್ತವರೆಷ್ಟು ಅಂತ ವಾರವಾರ ಬರೆದಿಟ್ಟರು. 1899ರ ಆಗಸ್ಟಿನಲ್ಲಿ ಪರೇಲಿನ ಹಳೇ ಗವರ್ನಮೆಂಟ್ ಹೌಸಿನಲ್ಲಿ ಪ್ಲೇಗ್ ಲ್ಯಾಬೊರೇಟರಿ ತೆರೆಯಿತು. ಹ್ಯಾಫ್‌ಕಿನ್ ಅದರ ಮುಖ್ಯಸ್ಥ.

ಮೂರೇ ವರ್ಷ. ಪಂಜಾಬಿನಲ್ಲಿ ದೊಡ್ಡ ಪ್ರಮಾಣದಲ್ಲಿ ಲಸಿಕೆ ಹಾಕಲು ಹೊರಟಿದ್ದರು. ಬೇಡಿಕೆ ಹೆಚ್ಚಿತೆಂದು ಪರೇಲಿನಲ್ಲಿ ತಯಾರಿಸುವ ಕ್ರಮವನ್ನೂ ಸ್ವಲ್ಪ ಬದಲಿಸಿ ಕಾರ್ಬಾಲಿಕ್ ಬಿಟ್ಟಿದ್ದರು. 1902ರ ಅಕ್ಟೋಬರ್ 30ರಂದು ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನಕ್ಕೆ ಐದು ಸೀಸೆಗಳಿಂದ ಚುಚ್ಚಿದರು. ವಾರ ಕಳೆಯುವುದರೊಳಗೆ ಹತ್ತೊಂಬತ್ತು ಜನಕ್ಕೆ ಧನುರ್ವಾಯು. ಹತ್ತೊಂಬತ್ತೂ ಜನ ಸತ್ತರು. ಉಳಿದ 88 ಜನಕ್ಕೆ ಏನೂ ಆಗಲಿಲ್ಲ. ಸತ್ತವರೆಲ್ಲ ಒಂದೇ ಸೀಸೆಯವರು. ಅದರ ನಂಬರು 53 ಎನ್.

ಸೀಸೆಗಳಿಗೆ ನಂಬರು ಇಲ್ಲದಿದ್ದರೆ, ಯಾರಿಗೆ ಯಾವುದರಿಂದ ಅಂತ ಗೊತ್ತಿಲ್ಲದಿದ್ದರೆ, ಹಳ್ಳಿಗೆ ಹಳ್ಳಿಯೇ ಲಸಿಕೆಯೇ ವಿಷ ಅನ್ನುತ್ತಿತ್ತು. ಅನ್ನಲು ಹಕ್ಕೂ ಇತ್ತು. ನಂಬರು ಇದ್ದದ್ದರಿಂದ ಪ್ರಶ್ನೆ ಒಂದೇ ಸೀಸೆಗೆ ಬಂದು ನಿಂತಿತು. ಆದರೆ ಧನುರ್ವಾಯು ಆ ಸೀಸೆಯೊಳಗೆ ಹೊಕ್ಕಿದ್ದು ಎಲ್ಲಿ, ಪರೇಲಿನಲ್ಲೋ ಮಲ್ಕೋವಾಲಿನಲ್ಲೋ? ವಿಚಾರಣಾ ಕಮಿಶನ್ನು ಪರೇಲಿನಲ್ಲೇ ಅಂದಿತು. ಹ್ಯಾಫ್‌ಕಿನ್‌ನನ್ನು ಕೆಲಸದಿಂದ ಇಳಿಸಿದರು. ವೈದ್ಯನಲ್ಲದವನು, ಪರದೇಶಿ, ಯಹೂದಿ, ಮೇಲಾಗಿ ಕ್ರಮ ಬದಲಿಸಿದವನು. ದೂರುವವರಿಗೆ ಇನ್ನೇನು ಬೇಕು?

ಅವನನ್ನು ಉಳಿಸಿದ್ದೂ ಕಾಗದವೇ. ವಿಚಾರಣೆಯ ಕಡತದಲ್ಲೇ ಎರಡು ಸಂಗತಿ ಇದ್ದವು. ಸೀಸೆಯ ಬೂಚು ತೆಗೆಯುವ ಚಿಮಟ ಆ ದಿನ ಹಳ್ಳಿಯ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಗೆ ಹಿಡಿಯದೆ, ಕಾರ್ಬಾಲಿಕ್ ನೀರಿನಲ್ಲಿ ಅದ್ದಿ 53 ಎನ್ ಸೀಸೆ ತೆರೆದಿದ್ದರು. ಎರಡನೆಯದು, ತೆರೆದಾಗ ಸೀಸೆಯಿಂದ ಕೆಟ್ಟ ವಾಸನೆ ಬರಲಿಲ್ಲ. ಧನುರ್ವಾಯುವಿನ ಕ್ರಿಮಿ ವಾರಗಟ್ಟಲೆ ಮೊದಲೇ ಒಳಗೆ ಬೆಳೆದಿದ್ದರೆ ಮೂಗಿಗೆ ಬಡಿಯಬೇಕಿತ್ತು. ಇದನ್ನು ಹಿಡಿದು ಹೋರಾಡಿದವನು ಮಲೇರಿಯಾದ ರೋನಾಲ್ಡ್ ರಾಸ್. 1907ರ ಜುಲೈನಲ್ಲಿ ಅವನೂ ಇತರ ಹೆಸರಾಂತ ವಿಜ್ಞಾನಿಗಳೂ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದರು. ಸರಕಾರ ಮಣಿಯಿತು, ಆದರೆ ಪೂರ್ತಿ ಮಣಿಯಲಿಲ್ಲ. ಮತ್ತೆ ಕೆಲಸ ಕೊಟ್ಟದ್ದು ಕಲಕತ್ತೆಯಲ್ಲಿ. ತಾನು ಕಟ್ಟಿದ ಪರೇಲಿಗೆ ಅವನು ಮುಖ್ಯಸ್ಥನಾಗಿ ಮರಳಲಿಲ್ಲ.

ಇದು ಹಳೇ ಕಥೆ ಅಂತ ಬಿಡುವ ಹಾಗಿಲ್ಲ. 2018ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಾಲೆಗಳಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತು. ಇಂಥಲ್ಲಿ ತಾಯಂದಿರು ಅಂಜುತ್ತಾರೆ, ಗಾಳಿಸುದ್ದಿ ಹಬ್ಬುತ್ತದೆ. 2022ರ ಕೊನೆಗೆ ಮುಂಬಯಿಯಲ್ಲೂ ನಮ್ಮ ಠಾಣೆ ಜಿಲ್ಲೆಯ ಭಿವಂಡಿಯಲ್ಲೂ ದಡಾರ ಹಬ್ಬಿ ಮಕ್ಕಳು ಸತ್ತಾಗ ಆರೋಗ್ಯ ಇಲಾಖೆಯವರು ಮನೆಮನೆಗೆ ಹೋಗಿ ಮೊದಲು ಹುಡುಕಿದ್ದು ಲಸಿಕೆ ತಪ್ಪಿದ ಮಕ್ಕಳನ್ನು. ಪಟ್ಟಿ ಇಲ್ಲದೆ ಹುಡುಕುವುದು ಹೇಗೆ? ಸೀಸೆಯ ಮೇಲಿನ ಬ್ಯಾಚ್ ನಂಬರನ್ನು ಬರೆದಿಡುವ ನರ್ಸಮ್ಮನಿಗೆ ಮಲ್ಕೋವಾಲಿನ ಹೆಸರು ಗೊತ್ತಿರಬೇಕಾಗಿಲ್ಲ. ಆ ನಂಬರು ಯಾಕೆ ಬೇಕು ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿದೆ.

ಹ್ಯಾಫ್‌ಕಿನ್ 1914ರಲ್ಲಿ ನಿವೃತ್ತನಾಗಿ ಹಿಂದೂಸ್ಥಾನ ಬಿಟ್ಟ. ಮದುವೆ ಆಗಿರಲಿಲ್ಲ. ಕೊನೆಯ ವರ್ಷಗಳಲ್ಲಿ ಧರ್ಮದ ಕಡೆ ಒಲಿದು, ಇದ್ದ ಹಣವನ್ನು ಯಹೂದಿ ಪಾಠಶಾಲೆಗಳಿಗೆ ಬಿಟ್ಟ. 1925ರಲ್ಲಿ ಪರೇಲಿನ ಸಂಸ್ಥೆಗೆ ಅವನ ಹೆಸರಿಟ್ಟರು. ಅದರಿಂದಲೇ ಮುಂದೆ ಕವಲೊಡೆದ ಸರಕಾರಿ ಕಂಪನಿಯ ಪೋಲಿಯೊ ಹನಿ ನಮ್ಮ ಮಕ್ಕಳ ನಾಲಗೆಗೂ ಬಿದ್ದಿದೆ. ಅವನು 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೋಸಾನಿನಲ್ಲಿ ತೀರಿಕೊಂಡ.